ಮೇಜಿನ ಮೇಲೆ ನಾಲ್ಕು ಆಟೀನು, ಕೆಳಗೆ ನಾಗರ

ಆ ಭಾನುವಾರ ಇಸ್ಪೀಟಾಟದಲ್ಲಿ ನಾನು ನಾಲ್ಕು ಆಟೀನು ಕೂಗುವ ಬದಲು ಎರಡೇ ಕೂಗಿದ್ದರೆ ಏನಾಗುತ್ತಿತ್ತು ಎಂಬ ಯೋಚನೆ ನನ್ನನ್ನು ಇನ್ನೂ ಬಿಟ್ಟಿಲ್ಲ. ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಬಸ್ಸು ನಿಂತುಬಿಟ್ಟಾಗ, ಬೆಳಿಗ್ಗೆ ಹಲ್ಲುಜ್ಜುವಾಗ, ಯಶವಂತಪುರದ ಆಫೀಸಿನಲ್ಲಿ ಯಾರದೋ ವಿಮೆಯ ಕಾಗದಕ್ಕೆ ಸಹಿ ಹಾಕುವಾಗ, ಇದ್ದಕ್ಕಿದ್ದಂತೆ ಒಂದು ಬರಿಗಾಲು ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಒಡೆದ ಹಿಮ್ಮಡಿ. ನೆಲದಿಂದ ಎರಡು ಬೆರಳಷ್ಟು ಮೇಲೆದ್ದಿದೆ. ಅದರ ಕೆಳಗೆ ಹಾವು.

ನಾವು ನಾಲ್ವರು ಭಾನುವಾರ ಮಧ್ಯಾಹ್ನ ಬ್ರಿಜ್ ಆಡುತ್ತೇವೆ. ಜೂಜಲ್ಲ, ಬರೀ ಆಟ. ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು: ಇಬ್ಬಿಬ್ಬರ ಎರಡು ಜೋಡಿ, ಜೋಡಿಯವರು ಎದುರುಬದುರು ಕೂರುತ್ತಾರೆ. ಎಲೆ ಹಂಚಿದ ಮೇಲೆ, ಆಟಕ್ಕೆ ಮೊದಲು, ಒಂದು ಹರಾಜು ನಡೆಯುತ್ತದೆ. ಕಿರಿದರಿಂದ ಹಿರಿದಕ್ಕೆ ಕಳಾವರ, ಡೈಮನ್ನು, ಆಟೀನು, ಇಸ್ಪೇಟು, ಇವುಗಳಲ್ಲಿ ಯಾವುದನ್ನು ತುರುಫು ಮಾಡಿ ಎಷ್ಟು ಪಟ್ಟು, ಅಂದರೆ ಎಷ್ಟು ಸುತ್ತು, ಗೆಲ್ಲುತ್ತೇವೆ ಎಂದು ಸರದಿಯಂತೆ ಕೂಗಬೇಕು. ಹಿಂದಿನವರಿಗಿಂತ ಮೇಲೆ ಕೂಗಬೇಕು, ಇಲ್ಲವೇ ಪಾಸ್ ಅನ್ನಬೇಕು. ಎದುರಾಳಿಯ ಕೂಗಿನ ಮೇಲೆ ಡಬಲ್ ಅನ್ನಲೂಬಹುದು. ಹರಾಜಿನ ಶುರುವಿನಲ್ಲಿ ಅಂದರೆ ‘ನನ್ನ ಹತ್ತಿರ ಒಳ್ಳೆಯ ಎಲೆಗಳಿವೆ, ನೀನೂ ಮಾತಾಡು’ ಎಂದು ಜೊತೆಗಾರರಿಗೆ ಹೇಳಿದಂತೆ. ಕೊನೆಯಲ್ಲಿ ಅಂದರೆ ‘ಸಿಕ್ಕಿಬಿದ್ದಿರಿ’ ಎಂದು ಎದುರಾಳಿಗೆ ಹೇಳಿದಂತೆ. ಜೊತೆಗಾರರೊಡನೆ ಮಾತಾಡಲು ಕೂಗು ಬಿಟ್ಟರೆ ಬೇರೆ ದಾರಿ ಇಲ್ಲ. ಹುಬ್ಬು ಏರಿಸಬಾರದು, ಕೆಮ್ಮಬಾರದು, ನಿಟ್ಟುಸಿರು ಬಿಡಬಾರದು.

ನನ್ನ ಜೊತೆಗಾರರು ಬಾಗಲಕೋಟೆ ಕಡೆಯವರು. ಯಲಹಂಕದ ಆಚೆಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಯಂತ್ರಗಳ ಬಗ್ಗೆ ಪಾಠ ಮಾಡುತ್ತಾರೆ, ಅಬ್ಬಿಗೆರೆಯಿಂದ ಬೈಕಿನಲ್ಲಿ ಬರುತ್ತಾರೆ. ಅವರನ್ನು ಮೇಷ್ಟರು ಎನ್ನುತ್ತೇನೆ. ಎದುರು ಜೋಡಿಯಲ್ಲಿ ಒಬ್ಬರು ಆರ್.ಟಿ. ನಗರದಲ್ಲಿ ಕ್ಲಿನಿಕ್ ಇಟ್ಟಿರುವ ಹಲ್ಲಿನ ಡಾಕ್ಟರಮ್ಮ. ಇನ್ನೊಬ್ಬರು ಹುಣಸಮಾರನಹಳ್ಳಿಯ ಹಳೇ ಒಕ್ಕಲು ಮನೆತನದ ಯಜಮಾನರು. ದ್ರಾಕ್ಷಿ ಬೆಳೆಯುತ್ತಿದ್ದ ಅವರ ಜಮೀನಿನಲ್ಲಿ ಈಗ ಪಿ.ಜಿ.ಗಳು ನಿಂತಿವೆ. ನಡುವೆ ಹಳೆಯ ಪಂಪ್‌ಹೌಸನ್ನು ಮಾತ್ರ ಕೆಡವದೆ ಉಳಿಸಿಕೊಂಡಿದ್ದಾರೆ. ಮನೆಯಲ್ಲಿ ಇಸ್ಪೀಟೆಲೆ ಹರಡಿದರೆ ಅವರ ಹೆಂಡತಿ ಊಟ ಹಾಕುವುದಿಲ್ಲವಂತೆ. ಆದ್ದರಿಂದ ಪಂಪ್ ಇಲ್ಲದ ಪಂಪ್‌ಹೌಸೇ ನಮ್ಮ ಕ್ಲಬ್ಬು. ಒಂದು ಸಣ್ಣ ಮೇಜು, ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಗೋಡೆಯ ಬುಡದಲ್ಲಿ ಹಿಂದೆ ಪೈಪು ಹಾದುಹೋಗುತ್ತಿದ್ದ ತೂತು. ತಲೆಯ ಮೇಲೆ ಆಗಾಗ ವಿಮಾನ.

ಮೇಷ್ಟರಿಗೆ ಒಂದು ಹುಚ್ಚಿದೆ. ಕೂಗಿನ ವ್ಯವಸ್ಥೆಯನ್ನು ಅವರೇ ಹೊಸದಾಗಿ ಕಟ್ಟಬೇಕು. ಯಾವ ಎಲೆಗಳಿದ್ದರೆ ಮೊದಲ ಕೂಗು ಏನು, ಎದುರಾಳಿ ಅಡ್ಡ ಬಂದರೆ ಮರುಕೂಗು ಏನು, ಎಲ್ಲವನ್ನೂ ಅವರು ಗೇರ್‌ಬಾಕ್ಸ್ ಬಿಚ್ಚಿ ಜೋಡಿಸಿದ ಹಾಗೆ ಜೋಡಿಸುತ್ತಾರೆ. ಅವರ ಸಿದ್ಧಾಂತ ಬಹಳ ಸರಳ.

“ಚಲೋ ಎಲಿ ಬಂದಾಗ ಯಾರ್ ಬೇಕಾದ್ರೂ ಆಡ್ತಾರವಾ. ಅದಕ್ಕ ವ್ಯವಸ್ಥಾ ಯಾಕ ಬೇಕು? ನಮಗ ದಿನಾ ಬರೋದು ಕೆಟ್ಟ ಎಲಿ. ಕೆಟ್ಟ ಎಲಿಗೇ ವ್ಯವಸ್ಥಾ ಮಾಡ್ಬೇಕು.”

ಹೀಗೆ ಹುಟ್ಟಿದ್ದು ಅವರ ಎರಡು ಡೈಮನ್ನಿನ ಕೂಗು. ಇದರಲ್ಲಿ ಡೈಮನ್ನಿಗೆ ಯಾವ ಪಾತ್ರವೂ ಇಲ್ಲ. ಎರಡು ಡೈಮನ್ನು ಅಂದರೆ, ‘ನನ್ನ ಕೈಯಲ್ಲಿ ಹೆಚ್ಚೇನೂ ಇಲ್ಲ, ಆದರೆ ಆಟೀನು ಅಥವಾ ಇಸ್ಪೇಟು, ಎರಡರಲ್ಲಿ ಒಂದು ಉದ್ದವಾಗಿದೆ, ಯಾವುದು ಅಂತ ಈಗಲೇ ಹೇಳಲ್ಲ.’ ಎದುರಾಳಿಗೆ ಯಾವುದರ ವಿರುದ್ಧ ಹೋರಾಡಬೇಕೆಂದೇ ತಿಳಿಯಬಾರದು. ಜೊತೆಗಾರಳಾದ ನಾನು ಸಾಮಾನ್ಯವಾಗಿ ಎರಡು ಆಟೀನು ಎಂದು ಮೆಲ್ಲಗೆ ಹೇಳಿ, ಅವರದ್ದು ಯಾವುದೆಂದು ಹೊರಡಿಸಬೇಕು. ನನ್ನಲ್ಲಿ ಎರಡೂ ದಂಡಿಯಾಗಿದ್ದರೆ ಮಾತ್ರ ಒಂದೇ ನೆಗೆತಕ್ಕೆ ನಾಲ್ಕು ಆಟೀನು ಕೂಗಿ ಎದುರಾಳಿಯ ಬಾಯಿ ಮುಚ್ಚಿಸಬಹುದು. ಅವರದ್ದು ಇಸ್ಪೇಟಾದರೆ ಅವರೇ ನಾಲ್ಕು ಇಸ್ಪೇಟಿಗೆ ತಿದ್ದಿಕೊಳ್ಳುತ್ತಾರೆ.

ಇಷ್ಟೆಲ್ಲ ಕಟ್ಟಿದ್ದು ಮುಖ್ಯವಾಗಿ ಯಜಮಾನರನ್ನು ತಡೆಯಲು. ಯಜಮಾನರದ್ದು ಹೊಲದಲ್ಲಿ ನೀರು ಬಿಟ್ಟಂತಹ ಆಟ, ಎಲ್ಲಿ ಇಳಿಜಾರೋ ಅಲ್ಲಿಗೆ. ಒಳ್ಳೆಯ ಎಲೆ ಬಂದರೆ ಅವರ ಬಲಗಾಲಿನ ಹಿಮ್ಮಡಿ ತಾನಾಗಿಯೇ ಕುಣಿಯತೊಡಗುತ್ತದೆ. ಆಟಕ್ಕೆ ಕೂತರೆ ಚಪ್ಪಲಿ ಬಿಚ್ಚಿಡುವುದು ಅವರ ಅಭ್ಯಾಸ. ಟಪ್, ಟಪ್, ಟಪ್. ಡಬಲ್ ಹೇಳುವ ಅವಕಾಶ ಸಿಕ್ಕಿದರಂತೂ ಒಂದೇ ಸಲ ಧಡಾರ್ ಎಂದು ನೆಲಕ್ಕೆ ಒದೆಯುತ್ತಾರೆ. ಕೂಗು ಅವರ ಅಂದಾಜು ಮೀರಿ ಮೇಲೆ ಹೋದಾಗ ಮಾತ್ರ ಕೆರೆಯಂಚಿನ ಕೊಕ್ಕರೆಯಂತೆ ಸ್ತಬ್ಧರಾಗುತ್ತಾರೆ.

ಅವರ ಕಾಲಿಗೆ ಇನ್ನೊಂದು ಅಭ್ಯಾಸವಿದೆ. ಒಮ್ಮೆ ಡಾಕ್ಟರಮ್ಮ ಬರೀ “ಅಯ್ಯೋ, ಹಲ್ಲಿ” ಎಂದದ್ದಕ್ಕೆ, ಹಲ್ಲಿ ಗೋಡೆಯ ಮೇಲಿದ್ದರೂ, ಯಜಮಾನರು ಎರಡೂ ಕಾಲಲ್ಲಿ ನೆಲ ತುಳಿದು ಆಮೇಲೆ “ಎಲ್ಲಿ?” ಎಂದಿದ್ದರು. ಹುಟ್ಟಿನಿಂದ ಹೊಲದಲ್ಲಿ ಓಡಾಡಿದ ಕಾಲು. ಮೊದಲು ತುಳಿತ, ಆಮೇಲೆ ಪ್ರಶ್ನೆ.

ಆ ಭಾನುವಾರ ಯಜಮಾನರ ಮನೆಯಿಂದ ಬಂದ ಮುದ್ದೆ, ಬಸ್ಸಾರು ಉಂಡು ಕೂತಿದ್ದೆವು. ಪಕ್ಕದ ಸೈಟಿನಲ್ಲಿ ಪಾಯ ತೋಡಲು ಆ ವಾರವಷ್ಟೇ ಪೊದೆಗಳನ್ನೆಲ್ಲ ಕಿತ್ತಿದ್ದರು. ಮೇಷ್ಟರು ನನ್ನ ಎದುರಿಗೆ, ಯಜಮಾನರು ನನ್ನ ಎಡಕ್ಕೆ, ಡಾಕ್ಟರಮ್ಮ ಬಲಕ್ಕೆ. ಮೇಷ್ಟರದ್ದೇ ಮೊದಲ ಸರದಿ. ಕನ್ನಡಕ ಸರಿಮಾಡಿಕೊಂಡು, ಹೆತ್ತ ಮಗುವಿಗೆ ಹೆಸರಿಡುವವರಂತೆ ಗಂಭೀರವಾಗಿ ಹೇಳಿದರು.

“ಎರಡು ಡೈಮನ್ನು.”

ಅಷ್ಟರಲ್ಲಿ ಕಾಲ ಬಳಿ ಇಟ್ಟಿದ್ದ ನನ್ನ ಚೀಲದಲ್ಲಿ ಫೋನು ಗುರ್ ಎಂದಿತು. ಅದನ್ನು ಸುಮ್ಮನಾಗಿಸಲು ಬಗ್ಗಿದೆ.

ಮೇಜಿನ ಕೆಳಗೆ, ಯಜಮಾನರ ಬಲಪಾದದಿಂದ ಒಂದು ಗೇಣು ದೂರದಲ್ಲಿ, ಗೋಧಿ ಬಣ್ಣದ ನಾಗರಹಾವು ಬಹಳ ಸಾವಕಾಶವಾಗಿ ಹೋಗುತ್ತಿತ್ತು. ಅದಕ್ಕೆ ಯಾವ ಅವಸರವೂ ಇದ್ದಂತಿರಲಿಲ್ಲ. ಅದು ಗೋಡೆಯ ತೂತಿನ ಕಡೆಗೆ ಹೊರಟಿತ್ತು. ದಾರಿಯಲ್ಲಿ ಯಜಮಾನರ ಕಾಲಿತ್ತು.

ನಾನು ನೆಟ್ಟಗೆ ಕೂತೆ. ಹಾವು ಎಂದು ಕಿರುಚಿದರೆ ತುಳಿಯುತ್ತಾರೆ. ಪಿಸುಗುಟ್ಟಿದರೂ ತುಳಿಯುತ್ತಾರೆ. ‘ಕಾಲು ಅಲ್ಲಾಡಿಸಬೇಡಿ’ ಎಂದರೆ ‘ಯಾಕೆ’ ಎಂದು ಕೇಳುವ ಮೊದಲು ಅಲ್ಲಾಡಿಸುತ್ತಾರೆ. ಅವರ ಎಲೆಗಳು ಹೇಗಿದ್ದಾವೋ ಗೊತ್ತಿಲ್ಲ. ಚೆನ್ನಾಗಿದ್ದರೆ ಇನ್ನೇನು ಹಿಮ್ಮಡಿ ಕುಣಿಯುತ್ತದೆ.

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. ಕೂಗಿನ ಅರ್ಥ ಗುಟ್ಟಾಗಿರುವಂತಿಲ್ಲ. ಎದುರಾಳಿ ಕೇಳಿದರೆ ಕೂಗಿದವರ ಜೊತೆಗಾರರು ವಿವರಿಸಬೇಕು, ಅದು ನಿಯಮ.

“ಏನ್ರೀ ಇದು ಎರಡು ಡೈಮನ್ನು? ಹೋದ ವಾರದ್ದೇನಾ, ಹೊಸ ಮಾಡೆಲ್ ಏನಾದ್ರೂ ಬಂದಿದ್ಯಾ?”

“ಕೆಟ್ಟ ಎಲೆ,” ಎಂದೆ. ಧ್ವನಿ ನನ್ನದೆನ್ನಿಸಲಿಲ್ಲ. “ಆಟೀನೋ ಇಸ್ಪೇಟೋ ಒಂದು ಉದ್ದವಾಗಿದೆ. ಯಾವುದು ಅಂತ… ಕಾಣಿಸ್ತಾ ಇಲ್ಲ.”

“ಕಾಣಿಸ್ತಾ ಇಲ್ಲ ಅಂದ್ರೆ? ನಿಮಗೆ ಯಾಕ್ರೀ ಕಾಣಿಸ್ಬೇಕು ಅವರ ಎಲೆ?”

“ಗೊತ್ತಿಲ್ಲ ಅಂದೆ.”

“ಸರಿ ಬಿಡಿ. ಡಬಲ್.”

ಅಂದರೆ ಅವರ ಕೈಯಲ್ಲಿ ಒಳ್ಳೆಯ ಎಲೆಗಳಿವೆ, ಯಜಮಾನರು ಮಾತಾಡಬೇಕು. ಯಜಮಾನರ ಮುಖ ಅರಳಿತು. ಮೇಜು ಸಣ್ಣಗೆ ಅಲುಗಿತು. ಒಂದು ಸಲ. ಟಪ್.

ಆ ಕ್ಷಣದಲ್ಲಿ ನನ್ನ ಕೈಯಲ್ಲಿದ್ದದ್ದು ಎರಡು ಆಟೀನು, ಎರಡು ಇಸ್ಪೇಟು, ಉಳಿದದ್ದು ಬಹುತೇಕ ಕಳಾವರ. ಮೇಷ್ಟರ ವ್ಯವಸ್ಥೆಯ ಪ್ರಕಾರ ನಾನು ತಲೆ ತಗ್ಗಿಸಿ ಎರಡು ಆಟೀನು ಎನ್ನಬೇಕಾದ ಎಲೆಗಳು. ನಾನು ಓದಿದ್ದು ಸಂಖ್ಯಾಶಾಸ್ತ್ರ, ಸಂಬಳ ಪಡೆಯುವುದು ಯಾರಿಗೆ ಏನು ಅಪಾಯ ಎಷ್ಟು ಎಂದು ಅಳೆಯಲು. ಅಂದು ಅದೆಲ್ಲ ಒಂದೇ ಒಂದು ಪ್ರಶ್ನೆಗೆ ಇಳಿದಿತ್ತು: ಈ ಮನುಷ್ಯ ಸ್ತಬ್ಧರಾಗಲು ಎಷ್ಟು ಎತ್ತರಕ್ಕೆ ಕೂಗಬೇಕು? ಕಡಿಮೆಯಾದರೆ ಹಿಮ್ಮಡಿ ಕುಣಿಯುತ್ತದೆ. ತೀರ ಹೆಚ್ಚಾದರೆ ಡಬಲ್ ಹೇಳಿ ಒದೆಯುತ್ತಾರೆ. ನಡುವೆ ಎಲ್ಲೋ ಒಂದು ಕೂಗು ಇರಬೇಕು.

“ನಾಲ್ಕು ಆಟೀನು,” ಎಂದೆ.

ಮೇಷ್ಟರ ಮುಖದಲ್ಲಿ ಸಂತೋಷ ಉಕ್ಕಿದ್ದನ್ನು, ಉಕ್ಕಬಾರದೆಂಬ ನಿಯಮದಿಂದ ಅವರು ಅದನ್ನು ಒಳಗೆ ತಳ್ಳಿದ್ದನ್ನು ಕಂಡೆ. ಯಜಮಾನರ ಮುಖದ ಅರಳು ನಿಂತಿತು. ಅವರು ಎಲೆಗಳನ್ನು ನೋಡಿದರು. ಸೂರನ್ನು ನೋಡಿದರು. ಕೊಕ್ಕರೆಯಾದರು.

ನಾನು ಎಲೆಯೊಂದನ್ನು ಸರಿಪಡಿಸುವ ನೆಪದಲ್ಲಿ ಕುರ್ಚಿಯಲ್ಲಿ ಹಿಂದಕ್ಕೆ ಸರಿದು ಓರೆಗಣ್ಣಲ್ಲಿ ಕೆಳಗೆ ನೋಡಿದೆ. ಹಾವು ಅವರ ಪಾದವನ್ನು ತಲುಪಿತ್ತು. ಬಳಸಿಕೊಂಡು ಹೋಗುವುದೋ ಹತ್ತಿ ಇಳಿಯುವುದೋ ಎಂದು ಒಂದು ಗಳಿಗೆ ನಿಂತು, ಹತ್ತಿಯೇ ಇಳಿಯಲು ನಿರ್ಧರಿಸಿತು. ಬೆರಳುಗಳ ಹಿಂದೆ, ಪಾದದ ಮೇಲೆ, ಅದರ ಮೈ ಹರಿಯತೊಡಗಿತು. ಯಜಮಾನರು ಅಲ್ಲಾಡಲಿಲ್ಲ. ನನ್ನ ಕೂಗು ಕೆಲಸ ಮಾಡುತ್ತಿದೆ ಎಂದು ನಾನು ನಂಬಿದೆ.

“ಹೇಳಿ ಗುರುಗಳೇ, ಕ್ಲಿನಿಕ್ಕಲ್ಲಿ ಬೇರು ತೆಗ್ಯೋಕೂ ಇಷ್ಟೊತ್ತು ತಗೊಳ್ಳಲ್ಲ ನಾನು,” ಎಂದು ಡಾಕ್ಟರಮ್ಮ ಯಜಮಾನರನ್ನು ಅವಸರಪಡಿಸಿದರು.

“ಯೋಚ್ನೆ ಮಾಡ್ಲಿ ಬಿಡ್ರೀ,” ಎಂದೆ ನಾನು. ಬಹುಶಃ ಕಿರುಚಿದೆ. “ಎಷ್ಟು ಹೊತ್ತು ಬೇಕಾದ್ರೂ ಮಾಡ್ಲಿ!”

ಮೇಷ್ಟರು ಹುಬ್ಬು ಗಂಟಿಕ್ಕಿದರು. ಹರಾಜಿನ ನಡುವೆ ಈ ಉತ್ಸಾಹ ನಿಯಮಕ್ಕೆ ಸರಿಯಿಲ್ಲ.

ಆಗ ವಿಮಾನ ಬಂತು. ತಗಡಿನ ಸೂರು ಝಣಝಣ ಎಂದಿತು, ನೆಲ ನಡುಗಿತು. ಹಾವು ತಲೆ ಎತ್ತಿ ಹೆಡೆ ಬಿಚ್ಚಿತು. ಅದು ಯಜಮಾನರ ಪಾದದಾಚೆ ನಿಂತು ಅವರ ಕಣಕಾಲನ್ನು ನೋಡುತ್ತಿತ್ತು. ಅದರ ಬಾಲ ಇನ್ನೂ ಪಾದದ ಈಚೆಗಿತ್ತು. ಆ ವಿಮಾನ ಹೋಗಿ ಮುಗಿಯಲಿಲ್ಲ. ದಿನಕ್ಕೆ ಎಷ್ಟೋ ಹಾರುವ ವಿಮಾನಗಳಲ್ಲಿ ಅದರಷ್ಟು ನಿಧಾನವಾದದ್ದನ್ನು ನಾನು ಕೇಳಿಲ್ಲ. ಕೊನೆಗೆ ಸದ್ದು ಚಿಕ್ಕಜಾಲದ ಕಡೆಗೆ ಕರಗಿತು. ಹೆಡೆ ಮಡಿಸಿಕೊಂಡು ಹಾವು ಮುಂದೆ ಹೊರಟಿತು.

“ಪಾಸು,” ಎಂದರು ಯಜಮಾನರು, ಬಹಳ ನೊಂದವರಂತೆ.

ಮೇಷ್ಟರದ್ದು ಇಸ್ಪೇಟಿನ ಎಲೆಯಾಗಿತ್ತು. ವ್ಯವಸ್ಥೆಯಂತೆ ಹೆಮ್ಮೆಯಿಂದ ತಿದ್ದಿಕೊಂಡರು. “ನಾಲ್ಕು ಇಸ್ಪೇಟು.”

“ಡಬಲ್,” ಎಂದರು ಡಾಕ್ಟರಮ್ಮ, ಕತ್ತರಿ ಹಾಕಿದಂತೆ. ಈಗಿನದು ಸಿಕ್ಕಿಬಿದ್ದಿರಿ ಎನ್ನುವ ಡಬಲ್.

ಯಜಮಾನರ ಮೈಯಲ್ಲಿ ಜೀವ ಬಂತು. ಕೆಳಗೆ ನೋಡಿದೆ. ಹಿಮ್ಮಡಿ ಮೇಲೆದ್ದಿತ್ತು. ಹಾವಿನ ಹಿಂಭಾಗ ಪಾದದಿಂದ ಇಳಿದು, ಎದ್ದ ಹಿಮ್ಮಡಿಯ ಕೆಳಗಿನ ನೆರಳಿನಲ್ಲಿ ಹಾದುಹೋಗುತ್ತಿತ್ತು. ತುಳಿಯುವುದೊಂದೇ ಬಾಕಿ. ಡಬಲ್ ಆದ ಕೂಗಿನ ಮೇಲೆ ನಾನು ಪಾಸ್ ಎಂದರೆ ಹರಾಜು ಅಲ್ಲಿಗೆ ಮುಗಿದಂತೆ, ಹಿಮ್ಮಡಿ ನೆಲಕ್ಕೆ.

“ಐದು ಕಳಾವರ!”

ಎರಡರಲ್ಲೂ ದಂಡಿಯಾಗಿದೆ ಎಂದು ಸಾರಿದವಳು, ಇಸ್ಪೇಟಿನಲ್ಲಿ ನೆಮ್ಮದಿಯಾಗಿ ಕೂತ ಜೊತೆಗಾರನನ್ನು ಬಿಟ್ಟು, ಎಲ್ಲಿಂದಲೋ ಕಳಾವರ ತಂದಿದ್ದಳು. ಮೇಷ್ಟರ ಬಾಯಿ ತೆರೆದಿತ್ತು. ಅವರ ವ್ಯವಸ್ಥೆಯಲ್ಲಿ ಈ ಕೂಗಿಗೆ ಅರ್ಥವೇ ಇರಲಿಲ್ಲ. ಯಜಮಾನರು ನನ್ನನ್ನು ನೋಡಿದರು. ಹಿಮ್ಮಡಿ ಅಂತರದಲ್ಲೇ ನಿಂತಿತು.

ಅದೇ ಈಗಲೂ ನನಗೆ ಬಸ್ಸಿನಲ್ಲಿ ಕಾಣಿಸುವುದು.

ಬಾಲ ಸಣ್ಣದಾಗುತ್ತ ಗೋಡೆಯ ಬುಡಕ್ಕೆ ಹೋಯಿತು. ತೂತಿನೊಳಗೆ ಸೇರಿತು. ಇಲ್ಲವಾಯಿತು.

“ಡಬಲ್ಲು!” ಎಂದು ಯಜಮಾನರು ಧಡಾರನೆ ನೆಲಕ್ಕೆ ಒದ್ದರು.

ನನ್ನ ಕೈಯಿಂದ ಎಲೆಗಳು ಉದುರಿದವು. ಎಲೆ ಬೀಳಿಸುವುದು ಅಪರಾಧ, ಆದರೂ ಬಿದ್ದವು. “ನಾಗರಹಾವು,” ಎಂದೆ. “ನಿಮ್ಮ ಕಾಲ ಮೇಲೆ ಹೋಯಿತು. ಈಗ ಹೊರಗೆ ಹೋಯಿತು.”

ಯಜಮಾನರು ಮೊದಲು ಎರಡೂ ಕಾಲಲ್ಲಿ ತುಳಿದರು. ಆಮೇಲೆ “ಎಲ್ಲಿ?” ಎಂದರು. ಆಮೇಲೆ ಆ ಗಾತ್ರದ ಮನುಷ್ಯ ಪ್ಲಾಸ್ಟಿಕ್ ಕುರ್ಚಿಯ ಮೇಲೆ ನಿಂತರು. ಡಾಕ್ಟರಮ್ಮ ಮೇಜಿನ ಮೇಲೇ ಕೂತುಬಿಟ್ಟರು. ಮೇಷ್ಟರು ಕಾಲು ಮಡಿಸಿಕೊಂಡು, ನನ್ನ ಉದುರಿದ ಎಲೆಗಳನ್ನು ಬಗ್ಗಿ ನೋಡುತ್ತಿದ್ದರು.

“ಎರಡ ಆಟೀನು. ಎರಡ ಇಸ್ಪೇಟು,” ಎಂದರು ಅಳು ಬಂದವರಂತೆ. “ಇದಕ್ಕ ನಾಕು ಆಟೀನು ಕೂಗ್ತಾರೇನವಾ? ಇದಕ್ಕ ಹಗಲೂ ಇರುಳೂ ಕುಂತು ಕಟ್ಟಿದ್ನೇನು ನಾ?”

“ಹಾವು ಇತ್ತು ಸರ್.”

“ಇರಲಿ. ಹಾವಿಗೆ ಮೂರು ಕೂಗಿದ್ರ ಸಾಕಾಗ್ತಿರಲಿಲ್ಲೇನು?”

ನಾನು ಎಲ್ಲವನ್ನೂ ವಿವರಿಸಿದೆ. ಹಿಮ್ಮಡಿ, ಕೊಕ್ಕರೆ, ನಡುವಿನ ಕೂಗು. ಯಜಮಾನರು ಕುರ್ಚಿಯ ಮೇಲಿನಿಂದಲೇ ಕೇಳಿಸಿಕೊಂಡರು. ಅವರ ಮುಖ ಕೆಂಪಗಾಯಿತು, ಆಮೇಲೆ ಬಿಳಿಚಿತು.

“ಆಂಗಾದ್ರೆ ನನ್ ಕಾಲ್ ಮ್ಯಾಲೆ ತಣ್ಣಗೆ ಅರೀತಲ್ಲ, ಅದು ಆವಾ?”

“ನಿಮಗೆ ಗೊತ್ತಾಯ್ತಾ?”

“ಗೊತ್ತಾಗ್ದೆ ಏನ್ರೀ? ನಾನು ಇವ್ರು ಅನ್ಕೊಂಡೆ.” ಅವರು ಡಾಕ್ಟರಮ್ಮನ ಕಡೆ ಕೈ ತೋರಿಸಿದರು.

“ನಾನಾ? ನಾನ್ಯಾಕ್ರೀ?”

“ಕಾಲಲ್ಲಿ ಸನ್ನೆ ಮಾಡ್ತಾವ್ರೆ ಅನ್ಕೊಂಡೆ ತಾಯಿ. ಇಷ್ಟು ದಿನ ಮರ್ವಾದಸ್ತರು, ಇವತ್ತು ಇಂಗೆ ಮೋಸಕ್ಕಿಳಿದವ್ರಲ್ಲಾ ಅಂತ ಒಟ್ಟೆ ಉರಿದೋಯ್ತು. ಕಾಲ್ ತೆಗುದ್ರೆ ಎಲ್ರ ಮುಂದೆ ನಿಮ್ ಮಾನ ಓಯ್ತದೆ ಅಂತ ಕಲ್ಲಾಗಿ ಕುಂತೆ.”

“ಓಹೋ! ನನ್ನ ಮಾನ ಉಳಿಸೋಕೆ?”

“ಊ ಮತ್ತೆ. ಆಮೇಲೆ, ಮಾಡಿದ್ದು ಮಾಡವ್ರೆ, ಏನೇಳ್ತಾವ್ರೆ ಅಂತಾದ್ರೂ ತಿಳ್ಕೊಳ್ಳಾಣ ಅನ್ನುಸ್ತು. ಇಂಗೆ ಉದ್ದಕ್ಕೆ ಕಾಲ್ ನೀವಿದ್ರೆ ಡೈಮನ್ನಾ, ಕಳಾವರಾ? ಒಂದೂ ತಲೆಗೆ ಅತ್ತಲಿಲ್ಲ. ಪಾಸ್ ಅಂದ್ಬುಟ್ಟೆ.”

ಡಾಕ್ಟರಮ್ಮ ಮೇಜಿನಿಂದ ಇಳಿದು ಸ್ಕೂಟರಿನ ಕೀಲಿ ಹುಡುಕಿದರು, ನೆಲ ನೋಡಿ ಮತ್ತೆ ಮೇಜು ಹತ್ತಿದರು. “ಇನ್ಮೇಲೆ ನಿಮ್ಮ ಹಲ್ಲು ನೋಯ್ತು ಅಂದ್ರೆ ಬೇರೆ ಕಡೆ ಹೋಗಿ. ನನ್ನ ಕಾಲು ಹಾವಿನ ಥರ ಇದ್ಯಾ?”

“ಮೆತ್ತಗಿತ್ತು ಕಣಮ್ಮ, ಅದಕ್ಕೇಯ.”

ಮೇಷ್ಟರು ಇದನ್ನೆಲ್ಲ ಕೇಳಿ, ನನ್ನ ಕಡೆ ತಿರುಗಿ, ಬಹಳ ಮೃದುವಾಗಿ ಹೇಳಿದರು. “ಅಂದ್ರ ನೀ ನಾಕು ಆಟೀನು ಕೂಗಿದ್ದಕ್ಕೂ ಅವರು ಅಲ್ಲಾಡದೇ ಇದ್ದದ್ದಕ್ಕೂ ಸಂಬಂಧ ಇಲ್ಲ. ಸುಮ್ನ ಎರಡು ಆಟೀನು ಅಂದಿದ್ರೂ ನಡೀತಿತ್ತು.”

ನಡೆಯುತ್ತಿತ್ತೇ? ಅದನ್ನೇ ನಾನು ಈಗಲೂ ಆಡಿ ನೋಡುತ್ತಿರುವುದು. ನಾನು ಎರಡು ಅಂದಿದ್ದರೆ ಯಜಮಾನರು ತಕ್ಷಣ ಮೂರು ಡೈಮನ್ನು ಕೂಗುತ್ತಿದ್ದರು, ಹಾವು ಕಾಲು ಮುಟ್ಟುವ ಮೊದಲೇ ಕೂಗುತ್ತಿದ್ದರು, ಕೂಗಿದರೆ ಹಿಮ್ಮಡಿ ಕುಣಿಯುತ್ತಿತ್ತು. ಅಥವಾ ಸದ್ದಿಗೆ ಹೆದರಿ ಹಾವೇ ಆಚೆ ತಿರುಗುತ್ತಿತ್ತು. ಐದು ಕಳಾವರದ ಹೊತ್ತಿಗೆ ಅವರ ಹಿಮ್ಮಡಿ ನಿಂತದ್ದಾದರೂ ನನ್ನ ಕೂಗಿಗೋ, ಇನ್ನೊಂದು ನೀವಿಕೆಗಾಗಿ ಕಾಯುತ್ತಲೋ? ಕೇಳಿದ್ದೇನೆ. “ಗ್ಯಾಪ್ನ ಇಲ್ಲ ಬುಡವ್ವ” ಎನ್ನುತ್ತಾರೆ. ಬದುಕಿದವರಿಗೆ ನೆನಪಿಲ್ಲ, ನೋಡಿದವಳಿಗೆ ಮರೆಯುತ್ತಿಲ್ಲ.

ತೂತಿಗೆ ಮರುದಿನವೇ ಸಿಮೆಂಟು ಹಾಕಿಸಿದರು. ಡಾಕ್ಟರಮ್ಮ ಮುಂದಿನ ಭಾನುವಾರ ಬರುವುದಿಲ್ಲ ಎಂದಿದ್ದವರು ಬೂಟು ಹಾಕಿಕೊಂಡು ಬಂದರು, ಬೂಟುಗಾಲನ್ನು ಮೇಜಿನ ಮೇಲಿಟ್ಟು ತೋರಿಸಿದರು. “ನೋಡ್ಕೊಳ್ಳಿ ಗುರುಗಳೇ, ಇದು ನಂದು.” ಯಜಮಾನರು ಮಾತ್ರ ಬರಿಗಾಲೇ. ಚಪ್ಪಲಿ ಹಾಕಿಕೊಂಡರೆ ತಲೆ ಓಡುವುದಿಲ್ಲವಂತೆ.

ತೊಂದರೆ ಶುರುವಾದದ್ದು ನನ್ನಿಂದ. ಕೂಗುವ ಮೊದಲು ಒಮ್ಮೆ ಬಗ್ಗಿ ನೋಡದೆ ನನಗೆ ಬಾಯಿ ಬರುತ್ತಿರಲಿಲ್ಲ. ಮೇಷ್ಟರು ಎರಡು ವಾರ ಸಹಿಸಿದರು. ಮೂರನೆಯ ವಾರ ಎಲೆಗಳನ್ನು ಕವುಚಿಟ್ಟರು.

“ಇದು ನಡ್ಯಂಗಿಲ್ಲ. ಈಕಿ ಎಲಿ ಕೆಟ್ಟದಿದ್ದಾಗ ಎರಡು ಸಲ ಬಗ್ತಾಳ, ಚಲೋ ಇದ್ರ ಒಂದ ಸಲ. ಎಲ್ಲಾರಿಗೂ ತಿಳ್ಯಾಕತ್ತದ. ನನ್ನ ಎರಡು ಡೈಮನ್ನಿನ ಗತಿ ಏನು?”

ಚರ್ಚೆ ನಡೆದು ನಿಯಮವಾಯಿತು. ಎಲೆ ಹಂಚಿದ ಮೇಲೆ, ಯಾರೂ ತಮ್ಮ ಎಲೆ ಎತ್ತಿಕೊಳ್ಳುವ ಮೊದಲು, ನಾಲ್ವರೂ ಒಟ್ಟಿಗೆ ಬಗ್ಗಿ ಮೇಜಿನ ಕೆಳಗೆ ನೋಡಬೇಕು. ಒಟ್ಟಿಗೆ ನೋಡಿದರೆ ಯಾರಿಗೂ ಲಾಭವಿಲ್ಲ. ಹೀಗಾಗಿ ಪ್ರತಿ ಆಟಕ್ಕೆ ಮೊದಲು, ಓದು ಬರಹ ಬಲ್ಲ ನಾಲ್ಕು ತಲೆಗಳು ಮೇಜಿನ ಕೆಳಗೆ ತಲೆಕೆಳಗಾಗಿ ಸೇರುತ್ತವೆ. ಮೇಷ್ಟರು ಕನ್ನಡಕ ಹಿಡಿದುಕೊಂಡಿರುತ್ತಾರೆ. ಡಾಕ್ಟರಮ್ಮ ರಕ್ತವಿಳಿದ ಮುಖದಲ್ಲಿ “ಇಲ್ಲ” ಎನ್ನುತ್ತಾರೆ. ಯಜಮಾನರು “ಇಲ್ಲ ಕಣ್ರೀ, ಏಳ್ರಿ ಏಳ್ರಿ, ಸೊಂಟ ಇಡ್ಕೊಂಡ್ತು” ಎನ್ನುತ್ತಾರೆ. ಮೇಲೇಳುತ್ತೇವೆ.

ಮೊನ್ನೆ ನಾನು ಮೇಲೇಳುವುದು ತಡವಾಯಿತು. ಸಿಮೆಂಟಿನ ತೇಪೆ ಬಿರುಕು ಬಿಟ್ಟಂತೆ ಕಂಡಿತು, ಅದನ್ನೇ ದಿಟ್ಟಿಸುತ್ತಿದ್ದೆ. ಮೇಲೆ ಅವರೆಲ್ಲ ಎಲೆ ಎತ್ತಿಕೊಂಡ ಸದ್ದು ಕೇಳಿಸಿತು. ನನ್ನ ಕಣ್ಣ ಮುಂದೆ ಯಜಮಾನರ ಬಲ ಹಿಮ್ಮಡಿ ನೆಲದಿಂದ ಎದ್ದಿತು. ಹಿಮ್ಮಡಿ ಇಳಿಯಿತು. ಮತ್ತೆ ಎದ್ದಿತು. ಟಪ್, ಟಪ್, ಟಪ್. ಅದರ ಕೆಳಗೆ ಏನೂ ಇರಲಿಲ್ಲ, ಬರೀ ಧೂಳು.

ಮೇಲೆ ಬಂದು ಎಲೆ ನೋಡಿಕೊಂಡೆ. ಮೊದಲ ಸರದಿ ನನ್ನದು. ಕೈಯಲ್ಲಿ ಹೆಚ್ಚೇನೂ ಇರಲಿಲ್ಲ, ಇಸ್ಪೇಟು ಮಾತ್ರ ಉದ್ದ. ಎರಡು ಡೈಮನ್ನಿಗೆಂದೇ ಅಚ್ಚು ಹಾಕಿ ತೆಗೆದಂತಹ ಕೆಟ್ಟ ಎಲೆ. ಯಜಮಾನರ ದಾರಿಗೆ ಅಡ್ಡ ಹಾಕಲು ಮೇಷ್ಟರು ಇಷ್ಟು ದಿನ ಕಟ್ಟಿದ್ದು ಇದಕ್ಕಾಗಿಯೇ. ಅವರು ಎದುರಿನಿಂದ ಆಸೆಗಣ್ಣಲ್ಲಿ ನೋಡುತ್ತಿದ್ದರು.

“ಪಾಸ್,” ಎಂದೆ.

ಎಡಗಡೆಯಿಂದ ಯಜಮಾನರು ಖುಷಿಯಲ್ಲಿ ಕೂಗಿದರು, “ಒಂದು ಆಟೀನು!” ಮೇಜು ಸಣ್ಣಗೆ ಅಲುಗುತ್ತಲೇ ಇತ್ತು.